ನೆನೆಯದ ತೇಪೆ

ಜಪಾನಿನಲ್ಲಿ ಮಿನೋಬೆ ಎಂಬ ಗುರುಗಳಿದ್ದರು. ಕಟ್ಟಡ ಕಟ್ಟಿಸುವುದರಲ್ಲಿ ಅವರನ್ನು ಮೀರಿಸಿದವರು ಭೂಮಿಯ ಮೇಲೆ ಹುಟ್ಟಿಲ್ಲ, ಬೇಕಾದರೆ ಹುಡುಕಿಕೊಂಡು ಬನ್ನಿ. ಅವರು ಕಾಗದದ ಮೇಲೆ ಗೆರೆ ಎಳೆದರೆ ಇರುವೆಗಳು ಅದನ್ನೇ ಹಿಡಿದು ಸಾಲಾಗಿ ನಡೆಯುತ್ತಿದ್ದವು. ಭೂಕಂಪ ಬಂದರೆ ಅವರ ಗೋಡೆಗಳನ್ನು ಮುಟ್ಟದೆ ಸುತ್ತಿಕೊಂಡು ಆಚೆ ಹೋಗುತ್ತಿತ್ತು.

ಅವರದು ಹೊಸ ಕಾಲದ ಕಟ್ಟಡ. ಗಾರೆ ಬಳಿಯುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ. ಹಲಗೆಗಳ ನಡುವೆ ಸುರಿದ ಕಾಂಕ್ರೀಟು ಹೇಗೆ ಗಟ್ಟಿಯಾಯಿತೋ ಹಾಗೆಯೇ ಬರಿಮೈಯಲ್ಲಿ ನಿಲ್ಲಬೇಕು.

"ಗೋಡೆಗೆ ಅಂಗಿ ತೊಡಿಸಬೇಡಿ" ಎನ್ನುತ್ತಿದ್ದರು.

ತೊಕುಜಿ ಅವರ ಶಿಷ್ಯ. ಏಳು ವರ್ಷ ಬರೀ ಪೆನ್ಸಿಲು ಚೂಪು ಮಾಡಿದ ಮೇಲೆ ಅವನಿಗೆ ಮೊದಲ ಕೆಲಸ ಸಿಕ್ಕಿತು. ಹೊಳೆಯ ದಡದಲ್ಲೊಂದು ಗ್ರಂಥಾಲಯ.

"ಹತ್ತು ದಿನ ಹಲಗೆ ಮುಟ್ಟಬೇಡ" ಎಂದರು ಗುರುಗಳು, ಕಾಂಕ್ರೀಟು ಸುರಿದ ದಿನ.

ತೊಕುಜಿಗೆ ನೋಡುವ ಆಸೆ ತಡೆಯಲಾಗಲಿಲ್ಲ. ಆರನೆಯ ದಿನವೇ ಬಿಚ್ಚಿಸಿದ. ಹಲಗೆಯ ಜೊತೆ ಗೋಡೆಯ ಚೂರೊಂದು ಕಿತ್ತು ಬಂತು, ಊಟದ ತಟ್ಟೆಯಷ್ಟಗಲ.

ಬಡಗಿ ಗೊನ್ಸುಕೆ ನಕ್ಕ. "ಏನು ಸಣ್ಣ ಗುರುಗಳೇ, ಒಂಬತ್ತು ತಿಂಗಳ ಕೂಸಿಗೆ ಆರೇ ತಿಂಗಳು ಸಾಕಾಯಿತೇ?"

"ಬಾಯಿ ಮುಚ್ಚಿಕೊಂಡು ಸಿಮೆಂಟು ಕಲಸು."

ತೊಕುಜಿ ಆ ಗುಳಿಯನ್ನು ತುಂಬಿದ, ಮಸಿ ಬೆರೆಸಿ ಬಣ್ಣ ಕೂಡಿಸಿದ, ಹಲಗೆಯ ಎಳೆಗಳ ಅಚ್ಚನ್ನೂ ಮೊಳೆಯಿಂದ ಗೀಚಿದ. ಎಂಥ ತೇಪೆ ಅಂತೀರಿ! ಹಾಕಿದವನೇ ಮಾರನೆಯ ದಿನ ಹುಡುಕಿ ಸುಸ್ತಾದ.

ಹನ್ನೊಂದನೆಯ ದಿನ ಗುರುಗಳು ಬಂದರು.

"ಹತ್ತು ದಿನ ಕಾದೆಯಾ?"

"ಕಾದೆ, ಗುರುಗಳೇ."

"ಒಂದು ಬಕೆಟ್ ನೀರು ತಾ."

ಗುರುಗಳು ಹೊಳೆಯ ನೀರನ್ನು ಗೋಡೆಗೆ ಎರಚಿದರು. ಗೋಡೆಯೆಲ್ಲ ನೀರು ಕುಡಿದು ಕಪ್ಪಾಯಿತು. ತೇಪೆ ಹಾಕಿದ ತಟ್ಟೆಯಗಲದ ಜಾಗ ಮಾತ್ರ ನೀರು ಹೀರದೆ ಬೆಳ್ಳಗೆ ಉಳಿಯಿತು.

ಗೊನ್ಸುಕೆ ತಲೆ ತಗ್ಗಿಸಿ, ಕೈಯಲ್ಲೇ ಇದ್ದ ಸುತ್ತಿಗೆಯನ್ನು ಹುಡುಕತೊಡಗಿದ. ತೊಕುಜಿಯ ಕಿವಿ ಕೆಂಪೇರಿತು. ಬೀಡಿ ಹಚ್ಚಬಹುದಿತ್ತು, ಅಷ್ಟು ಕೆಂಪು.

"ನನ್ನನ್ನು ಕಳಿಸಿಬಿಡಿ, ಗುರುಗಳೇ. ನಿಮಗೆ ಮುಖ ತೋರಿಸಲಾರೆ."

"ಮತ್ತೆ ನೀರು ತುಂಬಿಕೋ. ಬಾ."

ತುಂಬಿದ ಬಕೆಟ್ ಹಿಡಿದು ತೊಕುಜಿ ಪೇಟೆಯುದ್ದಕ್ಕೂ ಗುರುಗಳ ಹಿಂದೆ ನಡೆದ. ಎದುರಾದವರಿಗೆಲ್ಲ ತನ್ನ ಸುಳ್ಳು ಗೊತ್ತಿದೆ ಎನಿಸುತ್ತಿತ್ತು.

ಪೇಟೆಯ ನಡುವೆ ಗುರುಗಳು ಮೂವತ್ತರ ಪ್ರಾಯದಲ್ಲಿ ಕಟ್ಟಿಸಿದ ಸಭಾಭವನವಿತ್ತು. ಅವರ ಹೆಸರು ಲೋಕಕ್ಕೆಲ್ಲ ಹರಡಿದ್ದು ಅದರಿಂದಲೇ. ಏಳು ಸಮುದ್ರದಾಚೆಯಿಂದ ಬಂದವರು ಅದನ್ನು ನೋಡುತ್ತ ಊಟ ಮರೆಯುತ್ತಿದ್ದರು.

ಗುರುಗಳು ಹಿಂಬದಿಯ ಗೋಡೆಯೆದುರು ನಿಂತರು.

"ಎರಚು."

ತೊಕುಜಿ ಎರಚಿದ. ಗೋಡೆ ಕಪ್ಪಾಯಿತು. ಅದರ ನಡುವೆ ಬಾಗಿಲಗಲದ ತೇಪೆಯೊಂದು ಬೆಳ್ಳಗೆ ಎದ್ದು ನಿಂತಿತು.

ತೊಕುಜಿ ಗುರುಗಳ ಮುಖ ನೋಡಲಾರದೆ ಖಾಲಿ ಬಕೆಟನ್ನೇ ನೋಡಿದ.

"ಯಾರೂ ನಿಮ್ಮನ್ನು ಕೇಳಲಿಲ್ಲವೇ, ಗುರುಗಳೇ?"

"ಮಳೆಯಲ್ಲಿ ಗೋಡೆ ಯಾರು ನೋಡುತ್ತಾರೆ? ಕೊಡೆ ಬಿಚ್ಚಿಕೊಂಡು ಓಡುತ್ತಾರೆ."

ಗುರುಗಳು ತೇಪೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಹೇಳಿದರು:

"ನಲವತ್ತು ವರ್ಷವಾಯಿತು. ಮಳೆ ಬಂದ ದಿನ ನಾನು ಈ ಬೀದಿಗೆ ಬಂದಿಲ್ಲ."