ಬರಿದಾಗಿ ಮರಳಬಾರದ ತಟ್ಟೆ

“ಗುರುಗಳೇ, ಈಗ ಕ್ರಿಸ್ಮಸ್ ಯಾರದು? ಬೇಕರಿಯವನದು, ಬಟ್ಟೆ ಅಂಗಡಿಯವನದು, ಬಣ್ಣದ ನಕ್ಷತ್ರ ಮಾರುವವನದು. ಹಬ್ಬದ ಅರ್ಥವನ್ನು ಪೇಟೆಯವರು ನಮ್ಮಿಂದ ಕಸಿದುಕೊಂಡರು. ಅದನ್ನು ಮರಳಿ ಪಡೆಯುವುದು ಹೇಗೆ?”

ಹೀಗೆ ಕೇಳಿದ ಶಿಷ್ಯ ಬರುವ ಭಾನುವಾರ ಚರ್ಚಿನಲ್ಲಿ ಮೊದಲ ಬಾರಿಗೆ ಪ್ರಸಂಗ ಮಾಡಬೇಕಿತ್ತು. ಅಂಗಡಿಯವರನ್ನು ಬೈಯಲು ನಾಲ್ಕು ಪುಟ ಬರೆದೂ ಇಟ್ಟುಕೊಂಡಿದ್ದ.

ಗುರುಗಳು ನಕ್ಕರು. “ಅಂಗಡಿಯವನು ಪಾಪ, ಮಾರುವುದು ಅವನ ಕಸುಬು, ಮಾರುತ್ತಾನೆ. ಅಡುಗೆಮನೆಯಲ್ಲಿ ಕಳೆದದ್ದನ್ನು ಪೇಟೆಯಲ್ಲಿ ಹುಡುಕಿದರೆ ಸಿಕ್ಕೀತೇ? ಕುಳಿತುಕೋ” ಎಂದು ಕತೆ ಶುರುಮಾಡಿದರು.

ಒಂದು ಊರು. ನಮ್ಮ ಕ್ರೈಸ್ತರದೇ ಊರು. ಅಲ್ಲಿ ಕ್ರಿಸ್ಮಸ್ ಎಂದರೆ ಕಜ್ಜಾಯ. ಬೆಳಗಿನ ಪೂಜೆ ಮುಗಿದದ್ದೇ ತಡ, ಮನೆಮನೆಯಿಂದ ಕಜ್ಜಾಯದ ತಟ್ಟೆ ಹೊರಡುತ್ತಿತ್ತು. ಮೇಲೊಂದು ಕಸೂತಿಯ ಬಟ್ಟೆ, ಹೊತ್ತೊಯ್ಯಲು ಹೊಸ ಲಂಗದ ಹುಡುಗಿಯರು. ಕಟ್ಟಳೆ ಒಂದೇ: ಬಂದ ತಟ್ಟೆ ಬರಿದಾಗಿ ಮರಳಬಾರದು. ಅವರ ಕಜ್ಜಾಯ ಇಳಿಸಿಕೊಂಡು, ನಮ್ಮ ಕಜ್ಜಾಯ ತುಂಬಿ ಕಳಿಸಬೇಕು. ಸಂಜೆಯ ಹೊತ್ತಿಗೆ ಎಲ್ಲರ ಮನೆಯಲ್ಲೂ ಎಲ್ಲರ ಕಜ್ಜಾಯ. ಯಾರ ಪಾಕ ಹದ, ಯಾರದು ಗಟ್ಟಿ ಎಂಬ ಚರ್ಚೆ ಹೊಸ ವರ್ಷದವರೆಗೂ ನಡೆಯುತ್ತಿತ್ತು.

ಅಲ್ಲೊಬ್ಬ ಗಾರೆ ಕೆಲಸದ ಮೇಸ್ತ್ರಿ ಇದ್ದ. ಊರಿನ ಅರ್ಧ ಜಗಲಿಗಳು ಅವನು ಕಟ್ಟಿದವೇ. ಮಕ್ಕಳಿರಲಿಲ್ಲ. ಹೆಂಡತಿಯ ಕೈಯ ಕಜ್ಜಾಯಕ್ಕೆ ಊರಲ್ಲಿ ಹೆಸರಿತ್ತು. ಒಂದು ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅವಳು ತೀರಿಕೊಂಡಳು. ಊರೆಲ್ಲ ಬಂದು ಮಣ್ಣು ಕೊಟ್ಟಿತು, ಒಂಬತ್ತು ದಿನ ಅವನ ಮನೆಯಲ್ಲಿ ಕುಳಿತು ಜಪಮಾಲೆ ಹೇಳಿತು. ಒಳ್ಳೆಯ ಊರು.

ಆ ವರ್ಷದ ಕ್ರಿಸ್ಮಸ್ಸಿಗೆ ಅವನ ಮನೆಯಲ್ಲಿ ಬಾಣಲೆ ಇಡಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಇಡುವಂತಿಲ್ಲ. ಆದರೆ ಬಾಗಿಲು ತೆರೆದಿಟ್ಟ. ಒಗೆದ ಅಂಗಿ ಹಾಕಿಕೊಂಡು ಹೊಸ್ತಿಲ ಪಕ್ಕ ಕುಳಿತ. ತಟ್ಟೆಗಳು ಎಡಕ್ಕೆ ಹೋದವು, ಬಲಕ್ಕೆ ಹೋದವು. ಹೊತ್ತು ನೆತ್ತಿಗೇರಿದಾಗ ಇಬ್ಬರು ಹುಡುಗಿಯರು ತಟ್ಟೆ ಹಿಡಿದು ಅವನ ಮೆಟ್ಟಿಲವರೆಗೂ ಬಂದರು. ಅವನು ಎದ್ದೇ ನಿಂತ. ಅಷ್ಟರಲ್ಲಿ ಎದುರು ಮನೆಯಿಂದ ಅವರ ತಾಯಿ ಕೂಗಿದಳು:

“ಏ, ಅಲ್ಲಿಗೆ ಬೇಡ ಕಣ್ರೇ! ತಟ್ಟೆ ತುಂಬಿಸಿ ಕಳಿಸೋಕೆ ಆ ಮನೇಲಿ ಯಾರವ್ರೆ? ಪಾಪ, ಸುಮ್ನೆ ಅವ್ರಿಗೆ ಸಂಕೋಚ.”

ಹುಡುಗಿಯರು ತಿರುಗಿ ಹೋದರು. ಆ ತಾಯಿ ಕೆಟ್ಟವಳಲ್ಲ. ಪ್ರತಿ ಮನೆಯವರೂ ಹೀಗೆಯೇ ಅಂದುಕೊಂಡರು, ಮರುಕದಿಂದಲೇ ಅಂದುಕೊಂಡರು. ಊರಿನ ಮರುಕವೆಲ್ಲ ಒಟ್ಟಾಗಿ ಒಬ್ಬನನ್ನು ಹಬ್ಬದಿಂದ ಹೊರಗಿಟ್ಟಿತು. ಎದ್ದು ನಿಂತದ್ದಕ್ಕೆ ಒಂದು ನೆಪ ಬೇಕಲ್ಲ, ಅವನು ಗೋಡೆಯ ಸುಣ್ಣವನ್ನು ಮುಟ್ಟಿ ನೋಡಿ ಮತ್ತೆ ಕುಳಿತ.

ಆ ಮಾತು ವರ್ಷವಿಡೀ ಅವನನ್ನು ತಿಂದಿತು. ಕಜ್ಜಾಯದ ಆಸೆಯಲ್ಲ, ಅರವತ್ತು ದಾಟಿದವನಿಗೆ ಬೆಲ್ಲದ ಆಸೆ ಎಷ್ಟಿದ್ದೀತು? ಹಬ್ಬದ ದಿನ ಒಬ್ಬರಾದರೂ ಹೊಸ್ತಿಲು ದಾಟಿ ಒಳಗೆ ಬರಬೇಕು, ಅಷ್ಟೇ. ಬರಬೇಕಾದರೆ ತಟ್ಟೆ ತುಂಬಿಸಲು ತನ್ನಲ್ಲೂ ಏನಾದರೂ ಇರಬೇಕು. ಹಾಗಾಗಿ ಎರಡನೆಯ ವರ್ಷ ಅಕ್ಕಿ ನೆನೆಸಿದ, ಕುಟ್ಟಿದ, ಬೆಲ್ಲದ ಪಾಕ ಹಿಡಿದು ಹಿಟ್ಟು ಕಲಸಿಟ್ಟ. ಗಾರೆಯ ಹದ ಬಲ್ಲವನಿಗೆ ಹಿಟ್ಟಿನ ಹದ ಯಾವ ಮಹಾ ಎಂದುಕೊಂಡಿದ್ದ. ಹಬ್ಬದ ಬೆಳಿಗ್ಗೆ ಮೊದಲ ಕಜ್ಜಾಯ ಎಣ್ಣೆಗೆ ಬಿದ್ದೊಡನೆ ಒಡೆದು ಚೂರಾಯಿತು. ಎರಡನೆಯದೂ ಹಾಗೆಯೇ. ಹಿಟ್ಟು ಮುಗಿಯುವವರೆಗೂ ಅವನು ಹಠ ಬಿಡಲಿಲ್ಲ. ಕೊನೆಗೆ ಬಾಣಲೆಯಿಂದ ಬಸಿದು ತೆಗೆದದ್ದು ಒಂದಿಷ್ಟು ಕರಿದ ಚೂರು.

ಚೂರುಗಳನ್ನು ಹೆಂಡತಿಯ ತಟ್ಟೆಗೆ ಹಾಕಿ, ಅವಳೇ ಹೆಣೆದ ಬಟ್ಟೆ ಮುಚ್ಚಿ, ಹೊಸ್ತಿಲ ಪಕ್ಕ ಬಂದು ಕುಳಿತ. ಇದನ್ನು ಯಾರಿಗೆ ಕೊಡುವುದು? ಕೊಟ್ಟರೆ ನಾಳೆ ಊರೆಲ್ಲ ನಗುತ್ತದೆ. ಬೀದಿಯಲ್ಲಿ ತಟ್ಟೆಗಳು ಓಡಾಡುತ್ತಲೇ ಇದ್ದವು, ಈ ವರ್ಷ ಯಾರೂ ಅವನ ಮೆಟ್ಟಿಲವರೆಗೂ ಬರಲಿಲ್ಲ. ಬಾಗಿಲು ಹಾಕಿಬಿಡೋಣವೆಂದು ಎದ್ದ.

ಆಗ ಬೀದಿಯ ಕೊನೆಯಲ್ಲಿ ಇನ್ನೊಂದು ಬಾಗಿಲು ತೆರೆದಿರುವುದು ಕಂಡಿತು. ಸೂಲಗಿತ್ತಿ ಜ್ಞಾನಮ್ಮನ ಬಾಗಿಲು. ಮೂರು ತಲೆಮಾರಿನ ಹೆರಿಗೆ ಮಾಡಿಸಿದ ಮುದುಕಿ. ಈಗ ಕಣ್ಣು ಮಂಜು, ಹಿಂದೆ ಮುಂದೆ ಯಾರೂ ಇಲ್ಲ. ಪ್ರತಿ ಕ್ರಿಸ್ಮಸ್ಸಿಗೂ ಹಾಗೆಯೇ ಹೊಸ್ತಿಲಲ್ಲಿ ಕುಳಿತಿರುತ್ತಿದ್ದಳು. ಗಾಳಿಗೆ ಕುಳಿತಿದ್ದಾಳೆ ಎಂದು ಅವನು ಹನ್ನೆರಡು ವರ್ಷ ಅಂದುಕೊಂಡಿದ್ದ. ಒಮ್ಮೆ ಹೆಂಡತಿ ಅವಳಿಗೆಂದು ತಟ್ಟೆ ಜೋಡಿಸಿದಾಗ, “ಬೇಡ ಬಿಡೇ, ಪಾಪ, ಮುದುಕಿಗೆ ಸಂಕೋಚ” ಎಂದವನೂ ತಾನೇ. ಅದು ನೆನಪಾಗಿ ಅವನು ನಾಚಿಕೆಯಿಂದ ಕುಗ್ಗಿಹೋದ.

ತಟ್ಟೆ ಹಿಡಿದು ನಡೆದ. ಮುದುಕಿ ಮೇಲಿನ ಬಟ್ಟೆಯನ್ನು ತಡವಿದಳು, ತಟ್ಟೆಯ ಅಂಚನ್ನು ತಡವಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು.

“ತಗೊಂಡು ಹೋಗಪ್ಪ. ತಟ್ಟೆಗೆ ಹಾಕಿ ಕೊಡೋಕೆ ನನ್ನತ್ರ ಒಂದು ಹಿಡಿ ಸಕ್ಕರೇನೂ ಇಲ್ಲ.”

“ನಾನು ತಟ್ಟೆ ಕೊಡ್ತಾ ಇಲ್ಲ ಕಣಮ್ಮ” ಎಂದು ಅವನು ಚೂರುಗಳನ್ನೆಲ್ಲ ಅವಳ ಮಡಿಲಿಗೆ ಸುರಿದ. ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡ.

ಅವಳು ಒಂದು ಚೂರನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿ, ಬಹಳ ಹೊತ್ತು ಅಗಿದಳು. “ಪಾಕ ಎಳಸಾಯ್ತು. ಇನ್ನೊಂದು ಕುದಿ ಬರಬೇಕಿತ್ತು” ಎಂದು ಮತ್ತೊಂದು ಚೂರಿಗೆ ಕೈ ಹಾಕಿದಳು.

ಅವನ ಅಡುಗೆಗೆ ಹೆಸರಿಡುವವರು ಒಬ್ಬರು ಸಿಕ್ಕರು. ಅವನು ಅವಳ ಮೆಟ್ಟಿಲ ಮೇಲೆ ಕುಳಿತು ಅತ್ತ.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ಮುಂದಿನ ವರ್ಷವೂ ಮೇಸ್ತ್ರಿಯ ಬಾಗಿಲಿಗೆ ತಟ್ಟೆ ಬರಲಿಲ್ಲ, ಕಟ್ಟಳೆ ಅಷ್ಟು ಬೇಗ ಮುರಿಯುವುದಿಲ್ಲ ಎಂದು ಸೇರಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಆ ಮುದುಕಿ ಏನನ್ನೂ ಮರಳಿ ಕೊಡಲಿಲ್ಲ. ಏನೂ ಕೊಡಲಾಗದವರು ಹಾಗೆ ಸುಮ್ಮನೆ ಪಡೆದುಕೊಳ್ಳಬಹುದೇ?”

ಗುರುಗಳು ಹೇಳಿದರು: “ದೇವರು ತನ್ನ ಮಗನನ್ನೇ ನಮ್ಮ ಮನೆಗೆ ಕಳಿಸಿದನಲ್ಲ, ನಾವು ಅವನನ್ನು ಶಿಲುಬೆಗೆ ಜಡಿದಲ್ಲವೇ ಹಿಂದಕ್ಕೆ ಕಳಿಸಿದ್ದು?”