ಕಾಗೆ ಮುಟ್ಟದ ಎಡೆ

ಊರಾಚೆಯ ಥೀಮ್ ಪಾರ್ಕಿನಲ್ಲಿ ಯಮಲೋಕ ಅನ್ನೋ ಹೋಟೆಲ್ಲು. ಒಳಗೆಲ್ಲ ಕತ್ತಲೆ, ಕೂರಲು ಕೋಣನ ಆಕಾರದ ಕುರ್ಚಿ, ಬಡಿಸುವವರು ಯಮದೂತರು. ಆ ದೂತರಲ್ಲೊಬ್ಬ ಪುಟ್ಟಮಾದ. ಅವತ್ತು ಅವನ ಅಪ್ಪನ ತಿಥಿ. ಎಡೆ ಇಡಲು ಇದ್ದವನು ಅವನೊಬ್ಬನೇ ಮಗ.

ರಜೆ ಕೇಳಿದ್ದಕ್ಕೆ ಮ್ಯಾನೇಜರ್ ಶ್ರೀವತ್ಸ ಗದರಿದ. “ಯಮಲೋಕದಲ್ಲಿ ರಜೆ ಎಲ್ಲಿಂದ ಬರಬೇಕು? ಇವತ್ತು ಧಣಿಗಳು ಊಟಕ್ಕೆ ಬರ್ತಾರೆ. ಎಲ್ಲ ನಿಜವಾದ ಯಮಲೋಕದ ಹಾಗೇ ಇರಬೇಕು, ತಿಳೀತಾ?”

“ತಿಳೀತು ಸಾರ್” ಎಂದ ಪುಟ್ಟಮಾದ. ಕಾಡಿಗೆಯಲ್ಲಿ ಮೀಸೆ ಬರೆದುಕೊಂಡ.

ಧಣಿಯೂ ಅವನ ಹೆಂಡತಿಯೂ ಬಂದು ಕೂತರು. ಪುಟ್ಟಮಾದ ಬಾಳೆಲೆ ಹಾಸಿ ಅನ್ನ, ವಡೆ, ಪಾಯಸ ಬಡಿಸಿದ. ಧಣಿ ವಡೆಗೆ ಕೈ ಹಾಕಿದ್ದೇ ತಡ, ಅಡ್ಡ ಬಂದ.

“ತಡೀರಿ ಬುದ್ಧಿ. ಕಾಗೆ ಮುಟ್ಟೋ ತನಕ ಎಡೆ ಮುಟ್ಟಂಗಿಲ್ಲ.”

“ಯಾರ ಎಡೆಯಯ್ಯಾ ಇದು?”

“ಯಮಲೋಕಕ್ಕೆ ಬಂದೋರದ್ದೇ ಬುದ್ಧಿ. ಎಲ್ಲ ನಿಜವಾಗಿ ಇರ್ಬೇಕು ಅಂದವ್ರೆ ಮ್ಯಾನೇಜರ್ರು.” ಅಂದವನೇ ಮೇಲೆ ನೋಡುತ್ತ “ಕಾ... ಕಾ...” ಎಂದು ಕರೆಯತೊಡಗಿದ.

ಧಣಿಯ ಹೆಂಡತಿ ತಾಳಿ ಹಿಡಿದುಕೊಂಡು ಎದ್ದೇಬಿಟ್ಟಳು. ಧಣಿ ಬೆವರಿದ. “ಏಸಿ ಹಾಲಿಗೆ ಕಾಗೆ ಎಲ್ಲಿಂದ ಬರುತ್ತೋ?”

“ಅದೇ ನನ್ ಗೋಳು ಬುದ್ಧಿ. ಇಲ್ಲಿ ಎಡೆ ಐತೆ, ಕಾಗೆ ಇಲ್ಲ. ಇವತ್ತು ನಮ್ಮಪ್ಪನ ತಿಥಿ. ನಮ್ಮನೆ ಹತ್ರ ಕಾಗೆ ಐತೆ, ಎಡೆ ಇಡೋ ಮಗ ಇಲ್ಲ.”

ಧಣಿ ಎಲೆ ಬಿಟ್ಟು ಎದ್ದ. “ಶ್ರೀವತ್ಸ, ಮೊದಲು ಇವನನ್ನ ಮನೆಗೆ ಕಳಿಸ್ರೀ!”

ಪುಟ್ಟಮಾದ ವೇಷ ಕಳಚದೆ ಓಡಿದ. ಅಂಗಳದಲ್ಲಿ ಎಡೆ ಇಟ್ಟು ಕರೆದ. ಗೋಡೆ ಮೇಲಿನ ಕಾಗೆ ಕದಲಲಿಲ್ಲ.

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಮೀಸೆ ಅಳಿಸ್ಕೊಳ್ಳೋ ಮಗ. ನಿಮ್ಮಪ್ಪ ಇನ್ನೊಂದ್ಸಲ ಯಮದೂತನ ಹತ್ರ ಬಂದಾನಾ?”