ಎಂಟು ನಿಮಿಷದ ಬ್ಯಾಟರಿ

"ಬರೀ ಒಂದು ತಾಸಿನ ಸಲುವಾಗಿ ಹೋಗಿ ಬಂದ್ರ ಅದು ಹೋದಂಗ ಆಗ್ತದೇನ್ರೀ, ಅಜ್ಜಾರ?"

ದಾಸೋಹದ ಅಡುಗೆಮನೆಯಲ್ಲಿ ಸಾರಿನ ಹಂಡೆಯ ಮುಂದೆ ನಿಂತಿದ್ದ ಮಡಿವಾಳಯ್ಯ ಸೌಟು ಆಡಿಸುತ್ತಲೇ ಹೀಗೆ ಕೇಳಿದ. ಮಠದ ಗುರುಗಳು ಬಾಗಿಲ ಬಳಿ ಕುಳಿತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು.

ಮಡಿವಾಳಯ್ಯನ ತಂಗಿ ನೀಲವ್ವ ತಾಳಿಕೋಟೆಯಲ್ಲಿ ಹಾಸಿಗೆ ಹಿಡಿದು ತಿಂಗಳಾಗಿತ್ತು. ವೈದ್ಯರು ಕೈಚೆಲ್ಲಿದ್ದರು. ಶ್ರಾವಣದ ದಿನಗಳು, ಮಠಕ್ಕೆ ಬರುವ ಜನರಿಗೆ ಲೆಕ್ಕವಿಲ್ಲ, ಅಡುಗೆಗೆ ಇವನೇ ಹಿರಿಯ. ನಾಲ್ಕೂವರೆಯ ಬಸ್ಸು ಹಿಡಿದು ಹೋದರೂ, ತಿರುಗಿ ಬರುವ ಕೊನೆಯ ಬಸ್ಸು ಹೊರಡುವುದರೊಳಗೆ ತಂಗಿಯ ಹತ್ತಿರ ಸಿಗುವುದು ಒಂದೇ ತಾಸು. ಶ್ರಾವಣ ಮುಗಿಯಲಿ, ಹದಿನೈದು ದಿನ ಅವಳ ಹತ್ತಿರವೇ ಇದ್ದು ಬರುತ್ತೇನೆ ಎಂದು ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ಆದರೂ ಜೀವ ತಡೆಯದೆ ಕೇಳಿದ್ದ.

ಗುರುಗಳು ಬೇಳೆಯಲ್ಲಿದ್ದ ಒಂದು ಹರಳನ್ನು ಹೆಕ್ಕಿ ಹೊರಗೆ ಎಸೆದರು. "ನಿನಗೊಂದು ಬ್ಯಾಟರಿ ಕತಿ ಹೇಳ್ತೀನಿ."

"ಬ್ಯಾಟರೀದೇನ್ರೀ?"

"ಯಾಕ, ಕತ್ಯಾಗ ಬರೀ ರಾಜರು, ಹುಲಿಗೋಳೇ ಇರಬೇಕೇನು? ಸೌಟು ನಿಲ್ಲಿಸಬ್ಯಾಡ, ತಳ ಹತ್ತೀತು."

ಕತೆ ಶುರುವಾದರೆ ಗುರುಗಳ ಮಾತು ಪ್ರವಚನದ ಕನ್ನಡಕ್ಕೆ ತಿರುಗುತ್ತಿತ್ತು. ಅವರು ಹೇಳಿದ್ದು ಇಷ್ಟು:

ಒಬ್ಬ ಬಡಗಿ ಇದ್ದ. ಅವನ ಹೆಂಡತಿಗೆ ಎದೆಯ ಬೇನೆ. ಕಿಟಕಿಯ ಪಕ್ಕದ ಮಂಚ ಬಿಟ್ಟು ಅವಳು ಏಳುವಂತಿರಲಿಲ್ಲ. ಕಿಟಕಿಯ ಆಚೆ ಕೊಯ್ದು ಮುಗಿದ ಜೋಳದ ಹೊಲ. ದಿನವಿಡೀ ಅದನ್ನೇ ನೋಡಿ ಅವಳಿಗೆ ಬೇಸರ ಬಂದೀತು ಎಂದು ಬಡಗಿ ಒಂದು ವಿಮಾನ ಮಾಡಿದ. ಹಗುರ ಮರದ ಕಡ್ಡಿ, ತೆಳುವಾದ ಥರ್ಮೋಕೋಲು, ಎರಡು ಮೊಳದ ರೆಕ್ಕೆ. ಆಟಿಕೆಯೇ, ಆದರೆ ನಿಜವಾಗಿ ಹಾರುವ ಆಟಿಕೆ. ಮೂತಿಗೆ ಮೋಟರು, ಹೊಟ್ಟೆಯೊಳಗೆ ಬ್ಯಾಟರಿ, ಇವನ ಕೈಯಲ್ಲಿ ರಿಮೋಟು. ಹೆಂಡತಿ ಮಲಗಿದಲ್ಲಿಂದಲೇ ಕೈ ಚಾಚಿ ಅದರ ರೆಕ್ಕೆಯ ಅಡಿಗೆ ಕುಂಕುಮ ಹಚ್ಚಿದಳು.

ಬ್ಯಾಟರಿ ಸಣ್ಣದು, ಎರಡು ನಿಂಬೆಹಣ್ಣಿನಷ್ಟು ತೂಕ. ಅದರ ಬಲದಲ್ಲಿ ವಿಮಾನ ಎಂಟು ನಿಮಿಷ ಹಾರುತ್ತಿತ್ತು. ಆಮೇಲೆ ಇಳಿಸಲೇಬೇಕು. ಆ ಜಾತಿಯ ಬ್ಯಾಟರಿಯನ್ನು ಪೂರ್ತಿ ಹಿಂಡಿದರೆ ಅದು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಇಳಿಸಿ, ಆರಿಸಿ, ಚಾರ್ಜಿಗೆ ಹಾಕಬೇಕು. ಹಾಕಿ ಬಿಟ್ಟು ಹೋಗುವಂತೆಯೂ ಇಲ್ಲ. ಒಲೆಯ ಮೇಲಿನ ಹಾಲು ಕಾದಂತೆ ಕಾಯಬೇಕು, ಕಣ್ಣು ತಪ್ಪಿದರೆ ಊದಿಕೊಂಡು ಹೊತ್ತಿಕೊಂಡರೂ ಹೊತ್ತಿಕೊಂಡೀತು. ಚಾರ್ಜಿನ ಪ್ಲಗ್ಗು ಇದ್ದದ್ದು ಹೆಂಡತಿ ಮಲಗುವ ಕೋಣೆಯಲ್ಲಿ. ಬಡಗಿ ಬ್ಯಾಟರಿಯನ್ನು ಆಚೆ ಮೂಲೆಯ ಕಲ್ಲುಚಪ್ಪಡಿಯ ಮೇಲಿಟ್ಟು, ತಾನು ಮಂಚದ ಅಂಚಿಗೆ ಕುಳಿತು ಒಂದು ತಾಸು ಅದನ್ನು ಕಾಯುತ್ತಿದ್ದ.

ಹೀಗೆ ದಿನಗಳು ನಡೆದವು. ಬಡಗಿಗೆ ಸಮಾಧಾನವಿರಲಿಲ್ಲ. ಇಡೀ ದಿನ ಮಲಗಿರುವವಳಿಗೆ ತಾನು ಕೊಡುವುದು ಬರೀ ಎಂಟು ನಿಮಿಷವೇ? ಅವಳು ಒಂದು ದಿನವೂ ಸಾಲದು ಎಂದಿರಲಿಲ್ಲ. ಅವಳ ಪರವಾಗಿ ಇವನೇ ಕೊರಗಿದ. ಪ್ರೀತಿ ಇರುವವರಿಗೆ ಇದೊಂದು ಚಾಳಿ, ಕೇಳಿದರೆ ಮುಗಿದುಹೋಗುವುದನ್ನು ಕೇಳದೆ ಊಹಿಸಿ ಸಾಯುತ್ತಾರೆ.

ಒಂದು ದಿನ ಅವನು ಪೇಟೆಗೆ ಹೋದ. ಇಂಥ ಬ್ಯಾಟರಿ ಮಾರುವವಳು ಒಬ್ಬ ಹೆಂಗಸು. ಅವಳ ಮುಂದೆ ನಿಂತು, ಇರುವುದರಲ್ಲೇ ದೊಡ್ಡದನ್ನು ಕೊಡು ಎಂದ.

ಅವಳು ಕೇಳಿದಳು, "ನಿಮ್ಮ ವಿಮಾನದ ತೂಕ ಎಷ್ಟದರೀ?"

"ಅದ್ಯಾಕವ್ವ? ಕೊಡ ದೊಡ್ಡದಾದ್ರ ನೀರು ಹೆಚ್ಚು ಹಿಡೀತದ."

"ಹಿಡೀತದ್ರೀ. ಆದ್ರ ಹೊರೂ ಸೊಂಟ ಅದೇ ಅಲ್ಲೇನು?"

ಬಡಗಿ ನಕ್ಕುಬಿಟ್ಟ. ಮಾರುವವಳೇ ಬೇಡ ಎಂದರೂ ಕೇಳದೆ, ಆರು ನಿಂಬೆಹಣ್ಣಿನ ತೂಕದ ಬ್ಯಾಟರಿಯನ್ನು ಹಿಡಿದುಕೊಂಡು ಬಂದ. ಹೊಸದು ಬಂದ ಮೇಲೆ ಹಳೆಯದಕ್ಕೆ ಯಾವ ಮರ್ಯಾದೆ? ಇನ್ನು ಬೇಕಾಗುವುದಿಲ್ಲವೆಂದು ಹಳೆಯದರ ಕೊನೆಯ ಹನಿಯವರೆಗೂ ಹಿಂಡಿ ಹಾರಿಸಿ, ಅದನ್ನು ಕೊಂದು, ಮೂಲೆಗೆ ಎಸೆದ.

ಮರುದಿನ ದೊಡ್ಡ ಬ್ಯಾಟರಿ ಹಾಕಿದ. ಅದರಲ್ಲಿದ್ದದ್ದು ಮೂರು ಪಟ್ಟು ಶಕ್ತಿ. ವಿಮಾನ ಹಾರಿದ್ದು ಎರಡೇ ಪಟ್ಟು ಹೊತ್ತು, ಹದಿನಾರು ನಿಮಿಷ. ಉಳಿದ ಶಕ್ತಿ ಬ್ಯಾಟರಿಯ ಭಾರವನ್ನು ಹೊರುವುದಕ್ಕೇ ಕರಗಿತು. ಆದರೂ ಹದಿನಾರು ಹದಿನಾರೇ ಎಂದು ಬಡಗಿ ಹಿಗ್ಗಿದ. ಭಾರವಾದ ವಿಮಾನ ನಿಧಾನವಾಗಿ ಹಾರಲಾರದು. ನಿಧಾನ ಮಾಡಿದರೆ ಮೂಗು ಕೆಳಗೆ ಮಾಡಿ ಬೀಳುತ್ತದೆ. ಆದ್ದರಿಂದ ಅವನು ಅದನ್ನು ಎತ್ತರದಲ್ಲಿ, ವೇಗವಾಗಿ, ಹೊಲದಾಚೆಯ ಹುಣಸೆಮರವನ್ನು ಬಳಸಿ ದೊಡ್ಡ ಸುತ್ತು ಹೊಡೆಸಿದ. ಕಿಟಕಿಯ ಹತ್ತಿರ ತರುವ ಧೈರ್ಯ ಬರಲಿಲ್ಲ. ಇಳಿಸಿದ ಮೇಲೆ ಚಾರ್ಜಿಗೆ ಎರಡೂವರೆ ತಾಸು ಬೇಕು. ಅದಕ್ಕೆಂದು ತಂದ ದೊಡ್ಡ ಚಾರ್ಜರು ಗುಂಯ್ ಎನ್ನುತ್ತಿತ್ತು. ಅವಳ ನಿದ್ದೆಗೆ ತೊಂದರೆಯಾದೀತೆಂದು ಅದನ್ನು ಮನೆಯಾಚೆಯ ತನ್ನ ಕೆಲಸದ ಶೆಡ್ಡಿಗೆ ಒಯ್ದು, ಅಲ್ಲೇ ಕಾಯುತ್ತ ಕುಳಿತ.

ಹೀಗೆ ನಾಲ್ಕು ಸಂಜೆ ಕಳೆದವು. ಐದನೆಯ ಸಂಜೆ ಅವನು ರಿಮೋಟು ಕೈಗೆತ್ತಿಕೊಂಡು, "ಈಗ ಕಣ್ತುಂಬ ನೋಡಾಕ ಆಗ್ತದಲ್ಲ?" ಎಂದು ಕೇಳಿದ.

ಹೆಂಡತಿ ಹೇಳಿದಳು, "ಹಾರ್ತದ. ಆದ್ರ ನಮ್ಮದು ಅಂತ ಗುರ್ತು ಹತ್ತೂದಿಲ್ಲ. ಮೊದಲು ಕಿಟಕಿ ಮುಂದ ವಾಲಿ ಹೋಗ್ತಿತ್ತು, ನಾ ಹಚ್ಚಿದ ಕುಂಕುಮ ಕಾಣ್ತಿತ್ತು." ಉಸಿರು ಸಾಲದೆ ಮಾತು ನಿಲ್ಲಿಸಿದಳು. ಮತ್ತೆ ಹೇಳಿದಳು, "ವಿಮಾನ ಹಾರ್ಲಿ ಅಂತ ನಾ ಎಲ್ಲಿ ಕಾಯ್ತಿದ್ದೆ? ಅದು ಇಳೀಲಿ ಅಂತ ಕಾಯ್ತಿದ್ದೆ. ಇಳದ್ರ ನೀವು ಬಂದು ಕೂಡ್ತಿದ್ರಿ."

ಬಡಗಿ ರಿಮೋಟನ್ನು ಕೆಳಗಿಟ್ಟ. ಅವತ್ತು ವಿಮಾನ ಹಾರಲಿಲ್ಲ. ಕಾಯುವುದಕ್ಕೆ ಬ್ಯಾಟರಿಯೂ ಇರಲಿಲ್ಲ. ಸುಮ್ಮನೆ ಮಂಚದ ಅಂಚಿಗೆ ಕುಳಿತ, ಕತ್ತಲಾಗುವ ತನಕ ಕುಳಿತ.

ಬೆಳಗಾದೊಡನೆ ಪೇಟೆಗೆ ಹೋಗಿ ಎರಡು ನಿಂಬೆಹಣ್ಣಿನ ತೂಕದ ಬ್ಯಾಟರಿ ಕೇಳಿದ. ಮಾರುವವಳು ತಮಾಷೆ ಮಾಡಿದಳು, "ಯಾಕ್ರೀ, ದೊಡ್ಡದೂ ಸಾಲಲಿಲ್ಲೇನು?"

"ಸಾಲದ್ದಲ್ಲವ್ವ, ಹೆಚ್ಚಾತು" ಎಂದ. ಅವನ ಮುಖ ನೋಡಿ ಅವಳು ಮತ್ತೆ ನಗಲಿಲ್ಲ.

ಅವತ್ತಿನಿಂದ ವಿಮಾನ ಮತ್ತೆ ಕಿಟಕಿಯ ಮುಂದೆ ವಾಲಿತು. ಮತ್ತೆ ಎಂಟೇ ನಿಮಿಷ, ಮತ್ತೆ ಒಂದು ತಾಸಿನ ಕಾವಲು. ಆ ತಾಸಿನಲ್ಲಿ ಅವನು ಅವಳ ತಲೆ ಬಾಚಿದ್ದುಂಟು, ಮದುವೆಯಾದ ಹೊಸದರಲ್ಲಿ ಆಡಿದ ಜಗಳವನ್ನು ಇಬ್ಬರೂ ನೆನೆಸಿಕೊಂಡು ನಕ್ಕದ್ದುಂಟು, ಏನೂ ಮಾತಿಲ್ಲದೆ ಇಬ್ಬರೂ ಆ ಬ್ಯಾಟರಿಯ ಕೆಂಪು ದೀಪ ಹಸಿರಾಗುವುದನ್ನು ನೋಡುತ್ತ ಕುಳಿತದ್ದೂ ಉಂಟು. ಹೀಗೆ ಮೂವತ್ತೊಂದು ಸಂಜೆ. ಮೂವತ್ತೆರಡನೆಯ ಸಂಜೆಗೆ ಅವಳು ಇರಲಿಲ್ಲ.

ಇಲ್ಲಿಗೆ ಬಂದು ಗುರುಗಳ ಕೈ ಮೊರದ ಮೇಲೆ ನಿಂತಿತು. ಅವರ ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

"ಆ ಬಡಗಿ ಮೇಲೆ ನನಗ ಸಿಟ್ಟಿಲ್ಲ" ಎಂದರು. "ಅಂವ ಕಡಿಮಿ ಕೊಟ್ಟು ತಪ್ಪು ಮಾಡಲಿಲ್ಲ, ಹೆಚ್ಚು ಕೊಡಾಕ ಹೋಗಿ ಮಾಡಿದ. ಆದ್ರ ಆ ನಾಕು ಸಂಜಿ ಅದಾವಲ್ಲ, ಶೆಡ್ಡಿನ್ಯಾಗ ಬ್ಯಾಟರಿ ಕಾಯ್ಕೋತ ಕುಂತಿದ್ದು, ಅವನ್ನ ಅವಂಗ ಯಾರೂ ತಿರುಗಿ ಕೊಡಲಿಲ್ಲ."

ಹಂಡೆಯಲ್ಲಿ ಸಾರು ಕುದಿಯುತ್ತಿತ್ತು. ಮಡಿವಾಳಯ್ಯನ ಸೌಟು ಯಾವಾಗಲೋ ನಿಂತಿತ್ತು. ಶ್ರಾವಣ ಮುಗಿಯಲು ಇನ್ನೂ ಹದಿನೆಂಟು ದಿನವಿತ್ತು.

ಗುರುಗಳು ಮೊರವನ್ನು ಬದಿಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು, ಹಂಡೆಯ ಹತ್ತಿರ ಬಂದು ಕೈ ಚಾಚಿದರು.

"ಸೌಟು ಇತ್ತ ಕೊಡು, ನಾಲ್ಕೂವರಿ ಬಸ್ಸು ಇನ್ನೂ ಹೋಗಿಲ್ಲ."